ಏಳು ತಲೆಮಾರು ಕಾದವರು: ನಿರಾಶೆಯ ನಡುವೆ ವಿಶ್ವಾಸ ಉಳಿಯುವುದು ಹೇಗೆ?



ಧರ್ಮಗುರುಗಳಾದ ನಮಗೆ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ: "ಫಾದರ್, ಇನ್ನೂ ಎಷ್ಟು ಸಮಯ ಪ್ರಾರ್ಥನೆ ಮಾಡಬೇಕು?" ಮದುವೆಯಾಗಿ ಹಲವು ವರ್ಷ ಕಳೆದರೂ ಮಕ್ಕಳಾಗದ ದಂಪತಿ ಇದನ್ನು ಕೇಳುತ್ತಾರೆ. ಗಂಡನ ಕುಡಿತ ಇಂದು ಬಿಟ್ಟೀತು, ನಾಳೆ ಬಿಟ್ಟೀತು ಎಂದು ಕಾಯುವ ಹೆಂಡತಿ ಕೇಳುತ್ತಾಳೆ. ಗಲ್ಫಿನ ಕೆಲಸ ಕಳೆದುಕೊಂಡು ಊರಿಗೆ ಬಂದು ಕುಳಿತ ಮಗ ಕೇಳುತ್ತಾನೆ. ನೊವೆನಾ ಮುಗಿದಿದೆ, ಅತ್ತೂರಿಗೂ ವೆಲಂಕಣಿಗೂ ಹೋಗಿ ಬಂದದ್ದಾಗಿದೆ, ಹರಕೆ ಸಲ್ಲಿಸಿಯೂ ಆಗಿದೆ. ಪರಿಸ್ಥಿತಿ ಮಾತ್ರ ಇದ್ದ ಹಾಗೆಯೇ ಇದೆ.

ಇಂಥವರಿಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು. "ನಿಮ್ಮ ವಿಶ್ವಾಸ ಸಾಲದು, ಇನ್ನೂ ಗಟ್ಟಿಯಾಗಿ ಪ್ರಾರ್ಥಿಸಿ" ಎನ್ನುವುದು ಒಂದು. "ಚಿಂತೆ ಬೇಡ, ದೇವರು ಬೇಗನೇ ದಾರಿ ತೋರಿಸುತ್ತಾರೆ" ಎನ್ನುವುದು ಇನ್ನೊಂದು. ಮೊದಲನೆಯ ಮಾತು ನೊಂದವರ ತಲೆಯ ಮೇಲೆ ಅಪರಾಧದ ಹೊರೆಯನ್ನೂ ಇಡುತ್ತದೆ. ಎರಡನೆಯದು ದೇವರು ಎಂದೂ ಕೊಡದ ಗಡುವನ್ನು ದೇವರ ಹೆಸರಿನಲ್ಲಿ ನಾವೇ ಕೊಟ್ಟಂತೆ. ಆ ಗಡುವು ದಾಟಿದಾಗ ವಿಶ್ವಾಸವೂ ಕುಸಿಯುತ್ತದೆ.

ಹಾಗಾದರೆ ಉತ್ತರ ಸಿಗದ ದೀರ್ಘ ಕಾಲದಲ್ಲಿ ಕ್ರೈಸ್ತ ವಿಶ್ವಾಸ ಯಾವುದರಿಂದ ಉಳಿಯುತ್ತದೆ? ಇದನ್ನು ಕೇವಲ ಉಪದೇಶದ ಮಾತುಗಳಲ್ಲಿ ಹೇಳುವ ಬದಲು, 200 ವರ್ಷಗಳಿಗೂ ಹೆಚ್ಚು ಕಾಲ ಒಬ್ಬ ಧರ್ಮಗುರುವೂ ಇಲ್ಲದೆ ಕಾದ ಒಂದು ಜನಸಮುದಾಯದ ಬದುಕಿನಿಂದ ತಿಳಿಯೋಣ. ಅವರೇ ಜಪಾನಿನ ನಾಗಸಾಕಿ ಪ್ರದೇಶದ ಗುಪ್ತ ಕ್ರೈಸ್ತರು. ಅವರ ಕಥೆ ಆರಂಭವಾಗುವುದು ನಮ್ಮ ಗೋವೆಯಿಂದಲೇ.

ಗೋವೆಯಿಂದ ಹೊರಟ ದೀಪ

ಸಂತ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಗೋವೆಯಿಂದ ಹೊರಟು ಮಲಾಕ್ಕದ ಮೂಲಕ ಪ್ರಯಾಣಿಸಿ, ಆ ವರ್ಷದ ಆಗಸ್ಟ್ 15ರಂದು, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಜಪಾನಿನ ಕಾಗೊಶಿಮಾದಲ್ಲಿ ಕಾಲಿಟ್ಟರು. ಅವರು ಅಲ್ಲಿದ್ದದ್ದು ಸುಮಾರು ಎರಡು ವರ್ಷ ಮಾತ್ರ. ಆದರೂ ಬಿತ್ತಿದ ಬೀಜ ಬೆಳೆಯಿತು. 17ನೇ ಶತಮಾನದ ಆರಂಭದ ವೇಳೆಗೆ ಜಪಾನಿನಲ್ಲಿ ಸುಮಾರು 3 ಲಕ್ಷ ಕ್ರೈಸ್ತರಿದ್ದರೆಂದು ಇತಿಹಾಸಕಾರರ ಅಂದಾಜು.

ಆದರೆ ಅರಸರ ಮನಸ್ಸು ಬದಲಾಯಿತು. ವಿದೇಶಿ ವ್ಯಾಪಾರಿಗಳ ಹಿಂದೆ ವಿದೇಶಿ ಸೈನ್ಯವೂ ಬಂದೀತೆಂಬ ಭಯ ಅವರಲ್ಲಿತ್ತು. 1587ರಲ್ಲಿ ಹಿದೆಯೊಶಿ ಎಂಬ ಆಡಳಿತಗಾರ ಧರ್ಮಪ್ರಚಾರಕರು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಝಾಕ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬರು ಮುಂಬಯಿ ಸಮೀಪದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. 1862ರಲ್ಲಿ ಈ 26 ಮಂದಿಯನ್ನೂ ಸಂತರೆಂದು ಘೋಷಿಸಿದಾಗ ಅವರು ಭಾರತದಲ್ಲಿ ಜನಿಸಿದ ಮೊದಲ ಸಂತರಾದರು.

1614ರಲ್ಲಿ ತೊಕುಗಾವ ಆಡಳಿತ ಇಡೀ ದೇಶದಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. ಇಗರ್ಜಿಗಳನ್ನು ಕೆಡವಲಾಯಿತು. ಗುರುಗಳನ್ನು ಗಡೀಪಾರು ಮಾಡಲಾಯಿತು. ಅಡಗಿ ಉಳಿದವರನ್ನು ಹುಡುಕಿ ಕೊಲ್ಲಲಾಯಿತು. ಜಪಾನಿನಲ್ಲಿ ಅಡಗಿ ಸೇವೆ ಸಲ್ಲಿಸುತ್ತಿದ್ದವರಲ್ಲಿ ಕೊನೆಯ ಗುರು ಎಂದು ದಾಖಲೆಯಲ್ಲಿರುವ ಮಾನ್ಸಿಯೊ ಕೊನಿಶಿ 1644ರಲ್ಲಿ ಹುತಾತ್ಮರಾದರು. ಅಲ್ಲಿಂದ ಮುಂದೆ ಬಲಿಪೂಜೆ ಇಲ್ಲ, ಪರಮಪ್ರಸಾದವಿಲ್ಲ, ಪಾಪನಿವೇದನೆ ಇಲ್ಲ.

ಜೊತೆಗೆ ಕಾವಲು ಕಟ್ಟುನಿಟ್ಟಾಗಿತ್ತು. ಪ್ರತಿ ಕುಟುಂಬವೂ ಯಾವುದಾದರೊಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಐದೈದು ಮನೆಗಳನ್ನು ಒಂದು ಗುಂಪು ಮಾಡಿ, ಒಬ್ಬರ ತಪ್ಪಿಗೆ ಎಲ್ಲರನ್ನೂ ಹೊಣೆ ಮಾಡಲಾಗುತ್ತಿತ್ತು. ಕ್ರೈಸ್ತರ ಸುಳಿವು ಕೊಟ್ಟವರಿಗೆ ಬೆಳ್ಳಿ ನಾಣ್ಯಗಳ ಬಹುಮಾನವೆಂದು ಊರೂರಲ್ಲಿ ಫಲಕಗಳನ್ನು ನಿಲ್ಲಿಸಿದ್ದರು.

ಗುರುಗಳಿಲ್ಲದ ಮನೆಗಳಲ್ಲಿ ಉಳಿದದ್ದೇನು?

ಇಷ್ಟೆಲ್ಲ ಆದ ಮೇಲೂ ನಾಗಸಾಕಿಯ ಉರಕಾಮಿ ಹಳ್ಳಿಯಲ್ಲಿ, ಸೊತೊಮೆಯ ಕರಾವಳಿಯಲ್ಲಿ, ಗೊತೊ ದ್ವೀಪಗಳಲ್ಲಿ ಬಡ ರೈತರೂ ಮೀನುಗಾರರೂ ವಿಶ್ವಾಸವನ್ನು ಬಿಡಲಿಲ್ಲ. ಅವರಲ್ಲಿ ಪಂಡಿತರಿರಲಿಲ್ಲ. ಅವರು ಮಾಡಿದ್ದೆಲ್ಲ ಸಣ್ಣ ಸಣ್ಣ ಕೆಲಸಗಳು. ಆದರೆ ಅವನ್ನು ಬಿಡದೆ ಮಾಡಿದರು, ಕೂಡಿ ಮಾಡಿದರು.

ಗುರುಗಳಿದ್ದ ಕಾಲದಲ್ಲೇ ಶ್ರೀಸಾಮಾನ್ಯ ವಿಶ್ವಾಸಿಗಳ ಸಂಘಗಳನ್ನು ಕಟ್ಟಲಾಗಿತ್ತು. ರೋಗಿಗಳನ್ನು ನೋಡುವುದು, ಸತ್ತವರಿಗಾಗಿ ಪ್ರಾರ್ಥಿಸುವುದು, ಮಕ್ಕಳಿಗೆ ಜಪ ಕಲಿಸುವುದು ಅವುಗಳ ಕೆಲಸವಾಗಿತ್ತು. ಗುರುಗಳು ಇಲ್ಲವಾದಾಗ ಈ ಸಂಘಗಳೇ ವಿಶ್ವಾಸದ ಮನೆಯಾದವು. ಉರಕಾಮಿಯಲ್ಲಿ ಜವಾಬ್ದಾರಿಗಳನ್ನು ಹೀಗೆ ಹಂಚಿಕೊಂಡಿದ್ದರು:

1. ಒಬ್ಬನು ಪಂಚಾಂಗ ನೋಡುವವನು. ಧರ್ಮಸಭೆಯ ಹಬ್ಬಗಳೂ ಉಪವಾಸದ ದಿನಗಳೂ ಯಾವಾಗ ಬರುತ್ತವೆಂದು ಲೆಕ್ಕ ಇಡುವುದು ಅವನ ಕೆಲಸ.

2. ಇನ್ನೊಬ್ಬನು ನೀರಿನವನು. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಕೊಡುವುದು ಅವನ ಹೊಣೆ.

3. ಮತ್ತೊಬ್ಬನು ಸುದ್ದಿ ಮುಟ್ಟಿಸುವವನು. ಈ ಭಾನುವಾರ ಏನು, ಮುಂದಿನ ವಾರ ಯಾವ ಹಬ್ಬ ಎಂದು ಮನೆ ಮನೆಗೆ ಗುಟ್ಟಾಗಿ ತಿಳಿಸುತ್ತಿದ್ದನು.

ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ವಾಳೆಯ ಗುರ್ಕಾರರು ಮಾಡುವ ಕೆಲಸವನ್ನು ಇದು ನೆನಪಿಸುವುದಿಲ್ಲವೇ?

ಪಂಚಾಂಗದ ವಿಷಯ ವಿಶೇಷವಾಗಿ ಗಮನಿಸಬೇಕಾದದ್ದು. ಬಾಸ್ಟಿಯನ್ ಎಂಬ ಸ್ಥಳೀಯ ಉಪದೇಶಿ 1634ರ ಪಂಚಾಂಗವನ್ನು ಬಿಟ್ಟುಹೋದನೆಂದೂ, ಅದನ್ನೇ ಆಧಾರವಾಗಿಟ್ಟುಕೊಂಡು ತಲೆಮಾರಿನಿಂದ ತಲೆಮಾರಿಗೆ ಹಬ್ಬಗಳನ್ನು ಲೆಕ್ಕ ಹಾಕಿದರೆಂದೂ ಅವರ ಪರಂಪರೆ ಹೇಳುತ್ತದೆ. ಅದೇ ಬಾಸ್ಟಿಯನ್ ಒಂದು ಮಾತನ್ನೂ ಬಿಟ್ಟುಹೋಗಿದ್ದನಂತೆ: ಏಳು ತಲೆಮಾರು ಕಳೆದ ಮೇಲೆ ದೊಡ್ಡ ಕಪ್ಪು ಹಡಗಿನಲ್ಲಿ ಪಾಪನಿವೇದನೆ ಕೇಳುವ ಗುರುಗಳು ಬರುತ್ತಾರೆ, ಆಗ ವಾರ ವಾರವೂ ಪಾಪನಿವೇದನೆ ಮಾಡಬಹುದು. ಸ್ವಲ್ಪ ಯೋಚಿಸಿ. ಏಳನೆಯ ತಲೆಮಾರಿನವರಿಗೆ ಇದು ಆಶ್ವಾಸನೆ. ಮೊದಲ ಆರು ತಲೆಮಾರಿನವರಿಗೆ? ಅವರ ಜೀವಿತಕಾಲದಲ್ಲಿ ಗುರುಗಳು ಬರುವುದಿಲ್ಲ ಎಂದೇ ಅದರ ಅರ್ಥ. ಅದನ್ನು ತಿಳಿದೂ ಅವರು ಪಂಚಾಂಗವನ್ನು ಬರೆದರು, ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟರು.

ಅವರ ಜಪಗಳಿಗೆ 'ಒರಾಶೊ' ಎಂದು ಹೆಸರು. ಲತೀನ್, ಪೋರ್ಚುಗೀಸ್ ಮಾತುಗಳು ಬಾಯಿಂದ ಬಾಯಿಗೆ ಬರುತ್ತಾ ಎಷ್ಟೋ ಕಡೆ ರೂಪ ಕೆಟ್ಟಿದ್ದವು. ಹೇಳುವವರಿಗೇ ಅರ್ಥ ತಿಳಿಯದ ಸಾಲುಗಳಿದ್ದವು. ಗುರುಗಳನ್ನು ಅವರು 'ಬತೆರೆನ್' ಎಂದು ಕರೆಯುತ್ತಿದ್ದರು. ನಮ್ಮ 'ಪಾದ್ರಿ' ಎಂಬ ಪದ ಬಂದ ಪೋರ್ಚುಗೀಸ್ ಮೂಲದಿಂದಲೇ ಅದೂ ಬಂದದ್ದು. ಅರ್ಥ ತಿಳಿದ ಮೇಲೆ ಮಾತ್ರ ಪ್ರಾರ್ಥಿಸುತ್ತೇವೆ, ಮನಸ್ಸಿಗೆ ಸಮಾಧಾನ ಸಿಕ್ಕರೆ ಮಾತ್ರ ಪ್ರಾರ್ಥಿಸುತ್ತೇವೆ ಎಂದು ಅವರು ಹೇಳಿದ್ದರೆ, ಮೂರನೆಯ ತಲೆಮಾರಿಗೇ ಎಲ್ಲವೂ ಮುಗಿಯುತ್ತಿತ್ತು.

ಬಿದ್ದು ಎದ್ದವರು

ಇವರೆಲ್ಲ ಹೆದರದ ವೀರರಾಗಿದ್ದರೆಂದು ಭಾವಿಸಬಾರದು. 1620ರ ದಶಕದ ಕೊನೆಯಲ್ಲಿ ನಾಗಸಾಕಿಯಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಯೇಸುಸ್ವಾಮಿಯ ಅಥವಾ ಮರಿಯಮ್ಮನವರ ಚಿತ್ರವನ್ನು ನೆಲದ ಮೇಲಿಟ್ಟು, ಅದನ್ನು ತುಳಿಯುವಂತೆ ಜನರಿಗೆ ಆಜ್ಞೆ ಮಾಡುತ್ತಿದ್ದರು. ತುಳಿಯಲು ಒಪ್ಪದವರು ಕ್ರೈಸ್ತರೆಂದು ಸಿಕ್ಕಿಬೀಳುತ್ತಿದ್ದರು. ಮುಂದೆ ಆ ಪ್ರದೇಶದಲ್ಲಿ ಇದು ವರ್ಷ ವರ್ಷವೂ ನಡೆಯುವ ಕ್ರಮವಾಯಿತು.

ಗುಪ್ತ ಕ್ರೈಸ್ತರಲ್ಲಿ ಬಹುಪಾಲು ಜನ ತುಳಿದರು. ಹೆಂಡತಿ ಮಕ್ಕಳ ಪ್ರಾಣಕ್ಕಾಗಿ, ಅಕ್ಕಪಕ್ಕದ ಐದು ಮನೆಗಳ ಉಳಿವಿಗಾಗಿ ತುಳಿದರು. ಮನೆಗೆ ಬಂದು ಬಾಗಿಲು ಮುಚ್ಚಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದರು. ಅದಕ್ಕೆ 'ಕೊನ್ಚಿರಿಸಾನ್' ಎಂದು ಹೆಸರು. ಪಾಪನಿವೇದನೆಗೆ ಗುರುಗಳಿಲ್ಲದಾಗ ಮನಃಪೂರ್ವಕವಾಗಿ ಪಶ್ಚಾತ್ತಾಪಪಟ್ಟು, ಗುರುಗಳು ಸಿಕ್ಕ ಕೂಡಲೇ ನಿವೇದನೆ ಮಾಡುವ ನಿರ್ಧಾರ ಮಾಡಿದರೆ ದೇವರು ಕ್ಷಮಿಸುತ್ತಾರೆ ಎಂದು ತಿಳಿಸುವ ಚಿಕ್ಕ ಪುಸ್ತಕವೊಂದು 1603ರಲ್ಲಿಯೇ ಅಲ್ಲಿ ಸಿದ್ಧವಾಗಿತ್ತು. ಅದನ್ನು ಕೈಯಿಂದ ನಕಲು ಮಾಡಿ, ಬಾಯಿಪಾಠ ಮಾಡಿ ಉಳಿಸಿಕೊಂಡರು.

ಇದು ಇಂದಿಗೂ ಧರ್ಮಸಭೆಯ ಬೋಧನೆಯೇ. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಜನರು ಗುರುಗಳ ಬಳಿ ಹೋಗಲಾಗದಿದ್ದಾಗ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್ ಇದನ್ನೇ ಜಗತ್ತಿಗೆ ನೆನಪಿಸಿದರು. ಆ ತಿಂಗಳುಗಳಲ್ಲಿ ನಮ್ಮ ಚರ್ಚುಗಳ ಬಾಗಿಲುಗಳೂ ಮುಚ್ಚಿದ್ದವು. ಕೆಲವೇ ತಿಂಗಳು ಪರಮಪ್ರಸಾದವಿಲ್ಲದೆ ನಾವು ಎಷ್ಟು ಕಳವಳಗೊಂಡಿದ್ದೆವು! ಅವರು ಅದನ್ನು ತಲೆಮಾರುಗಳ ಕಾಲ ಹೊತ್ತರು.

ಇಲ್ಲೊಂದು ಮುಖ್ಯ ಪಾಠವಿದೆ. ದೀರ್ಘ ಕಾಯುವಿಕೆಯಲ್ಲಿ ಮನುಷ್ಯ ಎಂದೂ ಸೋಲುವುದಿಲ್ಲ ಎಂದಲ್ಲ. ಒಂದು ದಿನ ಸಿಟ್ಟು ಬರುತ್ತದೆ, ಒಂದು ಭಾನುವಾರ ಪೂಜೆಗೆ ಹೋಗುವ ಮನಸ್ಸಾಗುವುದಿಲ್ಲ, ದೇವರ ಪಟದ ಮುಂದೆ ದೀಪ ಹಚ್ಚುವುದೂ ಬೇಡವೆನಿಸುತ್ತದೆ. ವಿಶ್ವಾಸವನ್ನು ಉಳಿಸುವುದು ಎಂದರೆ ಹಿಂತಿರುಗುವ ದಾರಿಯನ್ನು ಮುಚ್ಚಿಬಿಡದಿರುವುದು.

1865ರ ಮಾರ್ಚ್ 17

19ನೇ ಶತಮಾನದ ಮಧ್ಯದಲ್ಲಿ ಜಪಾನ್ ವಿದೇಶಿಯರಿಗೆ ಬಾಗಿಲು ತೆರೆಯಿತು. 1858ರ ಒಪ್ಪಂದಗಳ ಪ್ರಕಾರ ವಿದೇಶಿಯರು ತಮ್ಮ ಬಳಕೆಗೆಂದು ಇಗರ್ಜಿ ಕಟ್ಟಿಕೊಳ್ಳಬಹುದಿತ್ತು. ಜಪಾನಿಯರಿಗೆ ಮಾತ್ರ ನಿಷೇಧ ಮುಂದುವರಿದಿತ್ತು. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ನಾಗಸಾಕಿಯ ಔರಾ ಎಂಬಲ್ಲಿ 26 ಹುತಾತ್ಮರ ಹೆಸರಿನಲ್ಲಿ ಇಗರ್ಜಿ ಕಟ್ಟಿದರು. ಮೈಸೂರು, ಬೆಂಗಳೂರು ಭಾಗದಲ್ಲಿ ಬಹುಕಾಲ ಸೇವೆ ಸಲ್ಲಿಸಿದ್ದೂ ಇದೇ ಸಂಸ್ಥೆ. ಔರಾದ ಇಗರ್ಜಿ 1865ರ ಫೆಬ್ರವರಿಯಲ್ಲಿ ಪವಿತ್ರೀಕರಣಗೊಂಡಿತು. ಅಲ್ಲಿನ ಗುರು ಬರ್ನಾರ್ಡ್ ಪೆತಿಜಾನ್, ಹಳೆಯ ಕ್ರೈಸ್ತರ ವಂಶದವರು ಎಲ್ಲಾದರೂ ಉಳಿದಿರಬಹುದೇ ಎಂಬ ಆಸೆಯಲ್ಲಿದ್ದರು.

ಮಾರ್ಚ್ 17ರಂದು ಮಧ್ಯಾಹ್ನದ ಹೊತ್ತಿಗೆ ಉರಕಾಮಿಯ ಹತ್ತು ಹದಿನೈದು ಮಂದಿ ಇಗರ್ಜಿಗೆ ಬಂದರು. ಕಟ್ಟಡ ನೋಡಲು ಬಂದ ಜನರೆಂಬಂತೆ ನಿಂತರು. ಗುರುಗಳು ಪೀಠದ ಮುಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ ಯುರಿ ಎಂಬ ಮಹಿಳೆ ಹತ್ತಿರ ಬಂದು, ಇಲ್ಲಿರುವ ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯವೂ ಒಂದೇ ಎಂದು ಮೆಲ್ಲಗೆ ಹೇಳಿದರು. ಸಾಂತಾ ಮರಿಯಾಳ ಪ್ರತಿಮೆ ಎಲ್ಲಿದೆ ಎಂದು ಕೇಳಿದರು. ಬಾಲ ಯೇಸುವನ್ನು ಎತ್ತಿಕೊಂಡ ಮಾತೆಯ ಪ್ರತಿಮೆಯನ್ನು ತೋರಿಸಿದಾಗ ಅವರ ಸಂತೋಷಕ್ಕೆ ಪಾರವಿರಲಿಲ್ಲ.

ಮಾತಿಗೆ ಮಾತು ಬಂದಾಗ ಅವರು, ನಾವೀಗ ದುಃಖದ ಕಾಲವನ್ನು ಆಚರಿಸುತ್ತಿದ್ದೇವೆ, ನೀವೂ ಆಚರಿಸುತ್ತೀರಾ ಎಂದು ವಿಚಾರಿಸಿದರು. ದುಃಖದ ಕಾಲವೆಂದರೆ ತಪಸ್ಸುಕಾಲ. ಆ ವರ್ಷ ವಿಭೂತಿ ಬುಧವಾರ ಬಂದದ್ದು ಮಾರ್ಚ್ 1ರಂದು. ಅಂದು ತಪಸ್ಸುಕಾಲದ 17ನೆಯ ದಿನ. ಗುರುಗಳಿಲ್ಲದೆ, ಅಚ್ಚಾದ ಪುಸ್ತಕವಿಲ್ಲದೆ, ರೋಮಿನ ಸಂಪರ್ಕವಿಲ್ಲದೆ 200 ವರ್ಷಗಳಿಗೂ ಹೆಚ್ಚು ಕಾಲ ಉಳಿದ ಈ ಬಡ ರೈತರು, ಜಗತ್ತಿನ ಕಥೋಲಿಕರೆಲ್ಲರೂ ಉಪವಾಸ ಮಾಡುತ್ತಿದ್ದ ಅದೇ ದಿನಗಳಲ್ಲಿ ತಾವೂ ಉಪವಾಸ ಮಾಡುತ್ತಿದ್ದರು! ಪಂಚಾಂಗ ನೋಡುವವನ ಕೆಲಸ ಎಷ್ಟು ದೊಡ್ಡದಾಗಿತ್ತೆಂಬುದು ಆಗ ತಿಳಿಯಿತು.

ಕೆಲವೇ ದಿನಗಳಲ್ಲಿ ಸುತ್ತಲಿನ ಹಳ್ಳಿಗಳಿಂದಲೂ ದ್ವೀಪಗಳಿಂದಲೂ ಜನ ಗುಟ್ಟಾಗಿ ಬರತೊಡಗಿದರು. ಮಾರ್ಚ್ 17 ಇಂದು ಜಪಾನ್ ಧರ್ಮಸಭೆಯಲ್ಲಿ ಮರಿಯಮ್ಮನವರ ಹಬ್ಬದ ದಿನವಾಗಿದೆ.

ಕಾಯುವಿಕೆ ಮುಗಿದ ಮೇಲೆ

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಖಾಂತ್ಯದ ಕಥೆ. ಕಾದವರಿಗೆ ಕೊನೆಗೆ ಸಿಕ್ಕೇ ಸಿಗುತ್ತದೆ ಎಂದು ಹೇಳಿ ಎಲ್ಲರೂ ಸಮಾಧಾನದಿಂದ ಮನೆಗೆ ಹೋಗಬಹುದು. ಆದರೆ ನಡೆದದ್ದು ಬೇರೆ.

ಗುರುಗಳು ಸಿಕ್ಕ ಧೈರ್ಯದಿಂದ ಉರಕಾಮಿಯ ಜನ, ಬೌದ್ಧ ವಿಧಿಯಲ್ಲಿ ಶವಸಂಸ್ಕಾರ ಮಾಡಿಸುವುದಿಲ್ಲವೆಂದು ಬಹಿರಂಗವಾಗಿ ಹೇಳಿದರು. 1867ರಲ್ಲಿ ಬಂಧನ ಆರಂಭವಾಯಿತು. 1868ರಿಂದ 1870ರ ಒಳಗೆ ಆ ಹಳ್ಳಿಯ ಸುಮಾರು 3,400 ಮಂದಿಯನ್ನು ಹಿಡಿದು ದೇಶದ ಬೇರೆ ಬೇರೆ ಕಡೆಗೆ ಗಡೀಪಾರು ಮಾಡಿದರು. ಹಸಿವು, ರೋಗ, ಚಿತ್ರಹಿಂಸೆಗಳಿಂದ 600ಕ್ಕೂ ಹೆಚ್ಚು ಮಂದಿ ಸತ್ತರು. ತ್ಸುವಾನೊ ಎಂಬಲ್ಲಿ ಚಳಿಗಾಲದಲ್ಲಿ ಮಂಜುಗಟ್ಟಿದ ಕೊಳಕ್ಕೆ ಅವರನ್ನು ಇಳಿಸಲಾಯಿತು. ಹಿಂಸೆ ತಾಳಲಾರದೆ ವಿಶ್ವಾಸ ತೊರೆದವರೂ ಇದ್ದರು. ಅವರಲ್ಲಿ ಹಲವರು ಮತ್ತೆ ಮರಳಿ ಬಂದರು. ಪಾಶ್ಚಾತ್ಯ ದೇಶಗಳ ಪ್ರತಿಭಟನೆಯ ನಂತರ 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದರು. ಉಳಿದವರು ಊರಿಗೆ ಮರಳಿದರು. ಈ ಗಡೀಪಾರಿನ ವರ್ಷಗಳನ್ನು ಅವರು 'ಪಯಣ' ಎಂದಷ್ಟೇ ಕರೆಯುತ್ತಿದ್ದರು.

ಮರಳಿ ಬಂದವರು ಒಂದು ಜಾಗವನ್ನು ಕೊಂಡರು. ಅದು ಹಿಂದೆ ಊರ ಮುಖಂಡನ ಮನೆ ಇದ್ದ ಜಾಗ. ಅವರ ಹಿರಿಯರು ಪವಿತ್ರ ಚಿತ್ರವನ್ನು ತುಳಿಯಬೇಕಾಗಿದ್ದುದು ಅಲ್ಲಿಯೇ. ಆ ನೆಲದ ಮೇಲೆ 1895ರಲ್ಲಿ ದೊಡ್ಡ ಇಗರ್ಜಿಯ ಕೆಲಸ ಆರಂಭಿಸಿ 1914ರಲ್ಲಿ ಮುಗಿಸಿದರು. 1925ರಲ್ಲಿ ಎರಡು ಗೋಪುರಗಳೂ ಎದ್ದವು.

1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಆ ಇಗರ್ಜಿಯಿಂದ ಸುಮಾರು 500 ಮೀಟರ್ ದೂರದಲ್ಲಿ ಅಣುಬಾಂಬ್ ಸಿಡಿಯಿತು. ಸ್ವರ್ಗಾರೋಹಣದ ಹಬ್ಬದ ಸಿದ್ಧತೆಗಾಗಿ ಒಳಗೆ ಪಾಪನಿವೇದನೆ ನಡೆಯುತ್ತಿತ್ತು. ಅಲ್ಲಿದ್ದ ಗುರುಗಳೂ ಜನರೂ ಸತ್ತರು. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಮಂದಿ ಬಾಂಬಿಗೆ ಬಲಿಯಾದರು. ಏಳು ತಲೆಮಾರು ಕಾದು ಪಡೆದದ್ದು ಕ್ಷಣದಲ್ಲಿ ಬೂದಿಯಾಯಿತು.

ಇದಕ್ಕೆ ಕಾರಣ ಕೊಡಲು ನಾವು ಅವಸರಪಡಬಾರದು. ದೇವರು ಹೀಗೇಕೆ ಬಿಟ್ಟರು ಎಂಬ ಪ್ರಶ್ನೆಗೆ ಉರಕಾಮಿಯ ಜನರ ಬಳಿಯೂ ಸುಲಭ ಉತ್ತರವಿರಲಿಲ್ಲ. ಅವರು ಮಾಡಿದ್ದು ಇಷ್ಟು: ಅವಶೇಷಗಳ ನಡುವೆ ಹುಡುಕಿ ಒಡೆಯದೆ ಉಳಿದಿದ್ದ ಗಂಟೆಯನ್ನು ಎತ್ತಿದರು. ಆ ವರ್ಷದ ಕ್ರಿಸ್ಮಸ್ ಹಿಂದಿನ ರಾತ್ರಿ ಅದನ್ನು ಬಾರಿಸಿದರು. 1959ರಲ್ಲಿ ಇಗರ್ಜಿಯನ್ನು ಮತ್ತೆ ಕಟ್ಟಿದರು. ನಾಶವಾದ ಇನ್ನೊಂದು ಗಂಟೆಯ ಜಾಗದಲ್ಲಿ, ಅಮೆರಿಕದ ಕಥೋಲಿಕರು ಕೊಟ್ಟ ಹೊಸ ಗಂಟೆ, ಬಾಂಬ್ ಬಿದ್ದು 80 ವರ್ಷ ತುಂಬಿದ 2025ರ ಆಗಸ್ಟ್ 9ರಂದು ಮೊಳಗಿತು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಗುಪ್ತ ಕ್ರೈಸ್ತರೆಲ್ಲರೂ ಧರ್ಮಸಭೆಗೆ ಮರಳಲಿಲ್ಲ. ಹಲವರು ಹಿರಿಯರು ಕಲಿಸಿದ ಕ್ರಮವನ್ನೇ ಪ್ರತ್ಯೇಕವಾಗಿ ಮುಂದುವರಿಸಿದರು. ಅವರ ಮುಂದಿನ ತಲೆಮಾರುಗಳಲ್ಲಿ ಆ ಆಚರಣೆ ಕಡಿಮೆಯಾಗುತ್ತಾ ಬಂದಿದೆ. ದೀರ್ಘ ಕಾಲ ಅಡಗಿದ್ದವರಿಗೆ ಬಾಗಿಲು ತೆರೆದಾಗ ಹೊರಬರುವುದೂ ಸುಲಭವಲ್ಲ. 2018ರಲ್ಲಿ ಯುನೆಸ್ಕೊ ಸಂಸ್ಥೆ ನಾಗಸಾಕಿ ಪ್ರದೇಶದ ಗುಪ್ತ ಕ್ರೈಸ್ತರ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಹಿರಿಯರ 15 ವರ್ಷ

ಕರಾವಳಿಯ ಕಥೋಲಿಕರಾದ ನಮಗೂ ಕಾಯುವಿಕೆಯ ನೆನಪೊಂದಿದೆ. 1784ರ ತಪಸ್ಸುಕಾಲದ ಆರಂಭದಲ್ಲಿ ಕೆನರಾದ ಸಾವಿರಾರು ಕ್ರೈಸ್ತರನ್ನು ಬಂಧಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರ ಮೇ 4ರಂದು ಆ ಕೋಟೆ ಬಿದ್ದ ಮೇಲೆಯೇ ಅವರಿಗೆ ಬಿಡುಗಡೆ. ಆಮೇಲೆ ಶ್ರೀರಂಗಪಟ್ಟಣದ ಚದುರಿದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸಲು ಬಂದವರು ಪ್ಯಾರಿಸ್ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬುವಾ.

ಆ ಚರಿತ್ರೆಯ ಸಂಖ್ಯೆಗಳ ಬಗ್ಗೆ, ರಾಜಕೀಯ ಕಾರಣಗಳ ಬಗ್ಗೆ ವಾದವಿವಾದಗಳಿವೆ. ಇಲ್ಲಿ ಅದನ್ನು ನೆನೆಯುತ್ತಿರುವುದು ಯಾರ ಮೇಲೂ ಹಗೆ ಬೆಳೆಸುವುದಕ್ಕಲ್ಲ. ಮರಳಿ ಬಂದವರು ಹಾಳುಬಿದ್ದ ಊರಿನಲ್ಲಿ ಮತ್ತೆ ಇಗರ್ಜಿ ಕಟ್ಟಿದರು, ಮತ್ತೆ ಮಕ್ಕಳಿಗೆ ಜಪ ಕಲಿಸಿದರು. ನಾವು ಇಂದು ಮನೆಯಲ್ಲಿ ಹೇಳುವ ತೇರ್ಸ್ ಅವರ ಕೈದಾಟಿ ಬಂದದ್ದು.

ಇದರಿಂದ ನಮಗೆ ಸಿಗುವ ಬೆಳಕು

ಮಗುವಿಗಾಗಿ ಕಾಯುವುದೂ, ಗುಣವಾಗದ ಕಾಯಿಲೆಯೂ ಗುಪ್ತ ಕ್ರೈಸ್ತರ ಕಾಯುವಿಕೆಯಂತೆಯೇ ಎಂದು ಹೇಳಲಾಗದು. ಆದರೆ ವಿಶ್ವಾಸ ಉಳಿಯುವ ಬಗೆಯಲ್ಲಿ ಸಾಮ್ಯವಿದೆ. ಅದನ್ನು ಐದು ಮಾತುಗಳಲ್ಲಿ ಹೇಳಬಹುದು.

ಮೊದಲನೆಯದಾಗಿ, ನಿರಾಶೆಯನ್ನು ದೇವರಿಂದ ಮುಚ್ಚಿಡಬೇಡಿ. ಪವಿತ್ರ ಗ್ರಂಥದ ಕೀರ್ತನೆಗಳಲ್ಲಿ ಗೋಳಿಡುವ ಕೀರ್ತನೆಗಳು ಅನೇಕ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಧರ್ಮಸಭೆ ತನ್ನ ಪ್ರಾರ್ಥನೆಯಾಗಿ ಇಟ್ಟುಕೊಂಡಿದೆ. ಎಮ್ಮಾವುಸಿನ ದಾರಿಯಲ್ಲಿ ಇಬ್ಬರು ಶಿಷ್ಯರು ತಮ್ಮ ಆಸೆ ಹುಸಿಯಾದದ್ದನ್ನು ಹೇಳಿಕೊಂಡದ್ದು ಯೇಸುವಿನ ಮುಂದೆಯೇ. ಅವರು ಅದನ್ನು ಕೇಳಿ ಜೊತೆಗೆ ನಡೆದರು. ಸಿಟ್ಟಿನಿಂದ ದೇವರೊಡನೆ ಮಾತನಾಡುವವನು ಇನ್ನೂ ಮಾತು ಬಿಟ್ಟಿಲ್ಲ.

ಎರಡನೆಯದಾಗಿ, ದೇವರಿಗೆ ಗಡುವು ಹಾಕಬೇಡಿ. ಒಂಬತ್ತು ದಿನದ ನೊವೆನಾ ಒಳ್ಳೆಯ ಭಕ್ತಿ. ಹತ್ತನೆಯ ದಿನ ಲೆಕ್ಕ ಕೇಳುವುದಕ್ಕೆ ಅದನ್ನು ಮಾಡುವುದಲ್ಲ. ಕ್ರೈಸ್ತ ನಿರೀಕ್ಷೆ ಎಂದರೆ ನಾವು ಬಯಸಿದ್ದು ಸಿಗುತ್ತದೆಂಬ ಖಾತರಿಯಲ್ಲ. ಶಿಲುಬೆಯಲ್ಲಿ ಸತ್ತ ಮಗನನ್ನು ಎಬ್ಬಿಸಿದ ತಂದೆ ನಮ್ಮನ್ನೂ ಕೈಬಿಡುವುದಿಲ್ಲವೆಂಬ ಭರವಸೆ.

ಮೂರನೆಯದಾಗಿ, ಸಣ್ಣದೊಂದು ಕ್ರಮವನ್ನು ಹಿಡಿದುಕೊಳ್ಳಿ. ಮನಸ್ಸು ಒಣಗಿದಾಗ ದೊಡ್ಡ ಪ್ರಾರ್ಥನೆ ಸಾಧ್ಯವಾಗದು. ರಾತ್ರಿ ಮಲಗುವ ಮುನ್ನ ಒಂದು ಶಿಲುಬೆಯ ಗುರುತು, ಭಾನುವಾರದ ಪೂಜೆಯ ಹಿಂದಿನ ಬೆಂಚು, ತೇರ್ಸಿನ ಒಂದು ದಶಕ, ಇಷ್ಟಾದರೂ ಇರಲಿ. ಭಾವನೆ ಬರುತ್ತದೆ, ಹೋಗುತ್ತದೆ. ಉರಕಾಮಿಯವರನ್ನು ಉಳಿಸಿದ್ದು ಪಂಚಾಂಗ.

ನಾಲ್ಕನೆಯದಾಗಿ, ಒಬ್ಬರೇ ಕಾಯಬೇಡಿ. ನಮಗೆ ಪ್ರಾರ್ಥಿಸಲು ಆಗದ ದಿನ ಬೇರೆಯವರು ನಮಗಾಗಿ ಪ್ರಾರ್ಥಿಸುತ್ತಾರೆ. ಧರ್ಮಸಭೆ ಎಂದರೆ ಅದೇ. ಕಷ್ಟ ಬಂದಾಗ ನಾಚಿಕೆಯಿಂದ ವಾಳೆಯ ಕೂಟಕ್ಕೆ ಹೋಗುವುದನ್ನು ಬಿಡುವವರು ನಮ್ಮಲ್ಲಿ ಹೆಚ್ಚು. ಹೋಗಬೇಕಾದ ಸಮಯವೇ ಅದು.

ಐದನೆಯದಾಗಿ, ಬಿದ್ದರೆ ಮರಳಿ ಬನ್ನಿ. ಗುರುಗಳಿಲ್ಲದವರು ಪಶ್ಚಾತ್ತಾಪದ ಪ್ರಾರ್ಥನೆಯಿಂದ ಎದ್ದರು. ನಮ್ಮ ಊರಿನಲ್ಲಿ ಪಾಪನಿವೇದನೆಯ ಪೀಠವಿದೆ, ಒಳಗೆ ಕುಳಿತು ಕಾಯುವ ಗುರುವೂ ಇದ್ದಾರೆ.

ಧರ್ಮಕೇಂದ್ರದ ಸೇವಕರಿಗೆ ಒಂದು ಮಾತು

ಗುರ್ಕಾರರು, ಉಪದೇಶಿಗಳು, ಧರ್ಮಭಗಿನಿಯರು, ರೋಗಿಗಳನ್ನು ಭೇಟಿ ಮಾಡುವ ಸ್ವಯಂಸೇವಕರು, ನಿಮ್ಮಲ್ಲಿ ವಿಶೇಷ ವಿನಂತಿ. ಬಹುಕಾಲದಿಂದ ಕಾಯುತ್ತಿರುವ ಮನೆಗೆ ಹೋದಾಗ ಉತ್ತರ ಕೊಡುವ ಅವಸರ ಬೇಡ. ಯಾರ ಪಾಪಕ್ಕೆ ಈ ಶಿಕ್ಷೆ ಎಂಬ ಹುಡುಕಾಟವಂತೂ ಬೇಡವೇ ಬೇಡ. ಹುಟ್ಟು ಕುರುಡನ ವಿಷಯದಲ್ಲಿ ಶಿಷ್ಯರು ಅದನ್ನು ಕೇಳಿದಾಗ, ಅವನೂ ಕಾರಣನಲ್ಲ, ಅವನ ತಂದೆತಾಯಿಯೂ ಕಾರಣರಲ್ಲ ಎಂದು ಪ್ರಭುವೇ ಹೇಳಿದ್ದಾರೆ. ಇನ್ನೊಬ್ಬರಿಗೆ ಆದ ಅದ್ಭುತದ ಕಥೆ ಹೇಳುವ ಮೊದಲು ಯೋಚಿಸಿ. ಕೇಳುವವರಿಗೆ, ನಮಗೇಕೆ ಆಗಲಿಲ್ಲ ಎಂಬ ಗಾಯ ಮತ್ತೆ ತೆರೆದುಕೊಳ್ಳಬಹುದು. ಕುಡಿತದಂಥ ತೊಂದರೆಗೆ, ಮನಸ್ಸಿನ ಖಿನ್ನತೆಗೆ ವೈದ್ಯರ ಸಹಾಯ ಪಡೆಯುವುದು ವಿಶ್ವಾಸದ ಕೊರತೆಯಲ್ಲವೆಂದು ಧೈರ್ಯವಾಗಿ ಹೇಳಿ. ಹೊಡೆತ ಬಡಿತ ಇರುವ ಮನೆಯ ಹೆಂಗಸಿಗೆ ಸಹಿಸಿಕೊಂಡು ಕಾಯಲು ಹೇಳಬೇಡಿ. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ.

ಎಲ್ಲಕ್ಕಿಂತ ಮುಖ್ಯವಾಗಿ, ಮತ್ತೆ ಹೋಗಿ. ಮೊದಲ ತಿಂಗಳು ಎಲ್ಲರೂ ಹೋಗುತ್ತಾರೆ. ಮೂರನೆಯ ವರ್ಷ ಬಾಗಿಲು ತಟ್ಟುವವರು ವಿರಳ. ಈ ವಾರ ಪೂಜೆ ಎಷ್ಟು ಗಂಟೆಗೆ, ಮುಂದಿನ ಹಬ್ಬ ಯಾವಾಗ ಎಂದು ಹೇಳಲಿಕ್ಕಾದರೂ ಹೋಗಿ. ಉರಕಾಮಿಯ ಸುದ್ದಿ ಮುಟ್ಟಿಸುವವನು ಮಾಡಿದ್ದು ಇಷ್ಟನ್ನೇ.

ಬಾಸ್ಟಿಯನ್ ನಂತರದ ಆರು ತಲೆಮಾರಿನವರು ಗುರುಗಳ ಮುಖ ನೋಡದೆ ಕಣ್ಣುಮುಚ್ಚಿದರು. ಲೋಕದ ಲೆಕ್ಕದಲ್ಲಿ ಅವರ ಪ್ರಾರ್ಥನೆಗೆ ಉತ್ತರ ಸಿಗಲಿಲ್ಲ. ಆದರೆ ಅವರು ಮಗುವಿನ ಕಿವಿಯಲ್ಲಿ ಹೇಳಿಕೊಟ್ಟ ಜಪ ನಿಲ್ಲಲಿಲ್ಲ. ನಮ್ಮ ಕಾಯುವಿಕೆ ಎಂದು ಮುಗಿಯುತ್ತದೆಂದು ನಮಗೆ ತಿಳಿಯದು. ಇಂದು ಸಂಜೆಯ ಪ್ರಾರ್ಥನೆಯನ್ನು ಹೇಳುವುದು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಹೇಳೋಣ. ಕಾದು ದಣಿದವರೆಲ್ಲರನ್ನೂ ಪ್ರಭು ತಮ್ಮ ಹತ್ತಿರ ಇಟ್ಟುಕೊಳ್ಳಲಿ.